ಫೆನ್ವಿಕ್ ನಿಲಯ

ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಾಕು, ಸಿಪ್ಪೆ ಕೈಯಲ್ಲುಳಿದು ಬೇಳೆ ಪುಸಕ್ಕನೆ ಪಾತ್ರೆಗೆ ಬೀಳುತ್ತಿತ್ತು. ಮೋಹಿನಿ ಬೆಳಗಿನಿಂದ ಒತ್ತುತ್ತಲೇ ಇದ್ದಳು. ಎದುರಿಗೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಅತ್ತೆ ಚಿಕ್ಕಮಾದಮ್ಮನೂ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಹಿಸುಕುತ್ತಿದ್ದರು. ಎಂಬತ್ತು ದಾಟಿದ ಆ ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ.

"ಆವಮ್ಮ ಇದ್ನೆಲ್ಲ ತಿಂದಾಳಾ?"

"ತಿಂತಾರಂತೆ ಅತ್ತೆ. ಖಾರ ಕಮ್ಮಿ ಹಾಕು ಅಂದಿದಾರೆ ಇವರು."

"ಖಾರ ಇಲ್ದಿದ್ಮೇಕೆ ಅದೆಂತಾ ಸಾರಮ್ಮಿ, ಜ್ವರ ಬಂದೋರ್ಗೆ ಮಾಡ್ದಂಗೆ."

ಹೊರಗೆ ಅವಳ ಗಂಡ ದೇವರಾಜು ಗೇಟಿನ ಕಂಬಕ್ಕೆ ಕೂರಿಸಿದ ಕಪ್ಪು ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಿದ್ದ. ಅದರ ಮೇಲೆ ಚಿನ್ನದ ಬಣ್ಣದಲ್ಲಿ 'ಫೆನ್ವಿಕ್ ನಿಲಯ' ಎಂದು ಕೆತ್ತಿಸಿದ್ದ. ಮಳವಳ್ಳಿಯಲ್ಲಿ ಹೀಗೊಂದು ಹೆಸರು ಇನ್ಯಾರ ಮನೆಗೂ ಇರಲಿಲ್ಲ. ಎಲ್ಲರ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಅಕ್ಷರ ಇರುತ್ತಿದ್ದರೆ ಇವರ ಮನೆಯಲ್ಲಿ ಮಾತ್ರ ಹೆಸರಿನ ಹಿಂದೆ ಇಂಗ್ಲಿಷ್ ಬಾಲ. ಬೀದಿಯವರು ನಾಲಿಗೆ ಹೊರಳದೆ 'ಪೆನಿಕಯ್ಯನ ಮನೆ' ಎಂದೇ ಕರೆಯುತ್ತಿದ್ದರು. ದೇವರಾಜುವಿಗೆ ಅದನ್ನು ಕೇಳಿದರಾಗುತ್ತಿರಲಿಲ್ಲ.

ಮನೆಯ ಗಂಡಸರು ಹೇಳಿಕೊಂಡು ಬಂದ ಕತೆ ಇಷ್ಟು. ಮುತ್ತತ್ತಿ ಕಡೆಯ ಕಾಡಿನಲ್ಲಿ ಸರ್ವೆ ಕೆಲಸಕ್ಕೆ ಬಂದಿದ್ದ ಫೆನ್ವಿಕ್ ದೊರೆಗೆ ದೇವರಾಜುವಿನ ತಾತ ಮರಿಯಯ್ಯನೆಂದರೆ ಪ್ರಾಣ. ಬಂಗಲೆಯಲ್ಲಿ ಕೆಲಸಕ್ಕಿದ್ದ ಪುಟ್ಟಮಾದಮ್ಮನ ಆ ಮಗುವನ್ನು ದೊರೆ ತೊಡೆಯ ಮೇಲೆ ಕೂರಿಸಿಕೊಂಡು ತನ್ನ ಹೆಸರನ್ನೇ ಕೊಟ್ಟ. ಮಂಡ್ಯದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಈಗ ಸೂಪರಿಂಟೆಂಡೆಂಟ್ ಆಗಿರುವ ದೇವರಾಜು ಈ ಕತೆಯನ್ನು ಹೊಸ ಸಾಹೇಬರು ಬಂದಾಗಲೆಲ್ಲ ಹೇಳುತ್ತಿದ್ದ. ಎರಡು ವರ್ಷದಿಂದ ಇಂಗ್ಲೆಂಡಿನ ಫೆನ್ವಿಕ್ ವಂಶದವರನ್ನು ಹುಡುಕಿ ಪತ್ರವ್ಯವಹಾರವನ್ನೂ ನಡೆಸಿದ್ದ. ನಡೆಸಿದ್ದು ಎಂದರೆ ಅವನು ಹೇಳುವುದು, ಮೋಹಿನಿ ಇಂಗ್ಲಿಷಿನಲ್ಲಿ ಬರೆಯುವುದು. ಕೆಳಗೆ ಅವನ ಹೆಸರು.

ಅವರಲ್ಲೊಬ್ಬಳು, ಎಲೆನ್ ಫೆನ್ವಿಕ್, ಇವತ್ತು ಮೈಸೂರಿನಿಂದ ಕಾರು ಮಾಡಿಕೊಂಡು ಬರುವವಳಿದ್ದಳು.

ಮೋಹಿನಿಯ ಮನಸ್ಸಿನಲ್ಲಿದ್ದದ್ದು ನಾಳೆ, ಸೋಮವಾರ. ಮದ್ದೂರಿನಲ್ಲಿ ಸಣ್ಣದೊಂದು ಸ್ಕೂಲು ನಡೆಸುವ ಕಾಲೇಜಿನ ಗೆಳತಿ ಮಹಮೂದಾ ಮೂರು ಸಲ ಫೋನು ಮಾಡಿದ್ದಳು. "ಇಂಗ್ಲಿಷ್ ಟೀಚರ್ ಹೆರಿಗೆಗೆ ಹೋದ್ಲು ಕಣೆ, ಇನ್ನು ಬರಲ್ಲ ಅಂತಾಳೆ. ನೀನು ಬಾ. ಆದ್ರೆ ನಿನ್ನ ಬಿ.ಎಡ್. ಮಾರ್ಕ್ಸ್ ಕಾರ್ಡಲ್ಲಿ ಶಿವನಂಜಮ್ಮ ಅಂತಿದೆ, ಆಧಾರಲ್ಲಿ ಮೋಹಿನಿ ಫೆನ್ವಿಕ್. ಎರಡೂ ನಾನೇ ಅಂತ ನೋಟರಿ ಹತ್ರ ಒಂದು ಅಫಿಡವಿಟ್ ಮಾಡಿಸ್ಕೊಂಡು ಸೋಮವಾರ ಬಂದ್ಬಿಡು. ಆಮೇಲೆ ನಾನು ಬೇರೆಯವರನ್ನ ತಗೋಬೇಕಾಗುತ್ತೆ, ಬೈಕೋಬೇಡ."

ಸೋಮನಹಳ್ಳಿಯಲ್ಲಿ ಹುಟ್ಟಿದಾಗ ಅವಳಿಗೆ ಅಜ್ಜಿ ಇಟ್ಟ ಹೆಸರು ಶಿವನಂಜಮ್ಮ. ಧಾರೆಯ ದಿನ ಮಾವ, "ಸಿವನಂಜಮ್ಮ ಫೆನ್ವಿಕ್ ಅಂದ್ರೆ ಮುದ್ದೆಗೆ ಜಾಮು ಅಚ್ಚುದಂಗಾಯ್ತದೆ" ಎಂದು ನಗಾಡಿ ಮೋಹಿನಿ ಎಂದು ಬದಲಿಸಿದ್ದರು. ಚಪ್ಪರದಲ್ಲಿದ್ದವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಮೇಲೆ ಎಲ್ಲಿ ಕೆಲಸಕ್ಕೆ ಅರ್ಜಿ ಹಾಕಹೋದರೂ ಎರಡು ಹೆಸರುಗಳು ಅಡ್ಡ ಬಂದವು. "ಅದನ್ನ ಸರಿ ಮಾಡಿಸಿ ಕೊಡ್ರಿ" ಎಂದಾಗಲೆಲ್ಲ ದೇವರಾಜು "ನೋಡೋಣ" ಎನ್ನುತ್ತಿದ್ದ. ಬೈಯುತ್ತಿರಲಿಲ್ಲ, ಬೇಡ ಎನ್ನುತ್ತಿರಲಿಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾರಿನ ಸದ್ದಾಯಿತು.

ಎಲೆನ್ ಉದ್ದನೆಯ, ಬಾಗಿದ ಬೆನ್ನಿನ ಮುದುಕಿ. ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಚಿಕ್ಕಮಾದಮ್ಮನ ಎದುರು ನೆಲದ ಮೇಲೇ ಕೂತುಬಿಟ್ಟಳು. ದೇವರಾಜು ಕುರ್ಚಿ ಹಿಡಿದುಕೊಂಡು ನಿಂತೇ ಇದ್ದ. ಅವಳು ಬೇಳೆಯೊಂದನ್ನು ಎತ್ತಿ ನೋಡಿ, ತಾನೂ ಒಂದು ಕಾಳು ಹಿಸುಕಿದಳು. ಅದು ಹಾರಿ ದೇವರಾಜುವಿನ ಇಸ್ತ್ರಿ ಅಂಗಿಗೆ ಬಡಿಯಿತು.

"ಅಯ್, ಗುರಿ ನೋಡವ್ವ ಇವ್ಳ್ದು!" ಎಂದು ಚಿಕ್ಕಮಾದಮ್ಮ ಬೊಚ್ಚು ಬಾಯಿ ತೆರೆದು ನಕ್ಕರು. ಭಾಷೆ ಬರದಿದ್ದರೂ ಎಲೆನ್ ಕೂಡ ಜೋರಾಗಿ ನಕ್ಕಳು.

ಊಟವಾದ ಮೇಲೆ ಎಲೆನ್ ಕೇಳಿದಳು. ತನಗೆ ಹಿರಿಯರ ಹೆಸರುಗಳಿಗಿಂತ ಮುಖ್ಯವಾಗಿ ಒಂದು ವಿಷಯ ತಿಳಿಯಬೇಕಾಗಿದೆ. ತಮ್ಮ ಮನೆತನದ ಹೆಸರು ಇಷ್ಟು ದೂರದ ಊರಿಗೆ ಹೇಗೆ ಬಂತು? ಯಾರು ಕೊಟ್ಟರು? ಅಜ್ಜಿಗೆ ಗೊತ್ತಿರಬೇಕಲ್ಲವೇ?

ಮೋಹಿನಿ ಅದನ್ನು ಕನ್ನಡದಲ್ಲಿ ಹೇಳಿದಳು. "ನಾನು ಹೇಳ್ತೀನಿ" ಎಂದು ದೇವರಾಜು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ತಾಯಿ ಶುರು ಮಾಡಿಯಾಗಿತ್ತು.

"ಕೊಟ್ಟೋರ್ಯಾರು? ಯಾರೂ ಕೊಡ್ನಿಲ್ಲ ಕಣವ್ವ. ನಾನು ಈ ಮನೆಗೆ ಬಂದಾಗ ಪುಟ್ಟಮಾದವ್ವಾರು ಇನ್ನೂ ಬದ್ಕಿದ್ರು. ನಾನೇ ನೀರು ಉಯ್ತಿದ್ದೆ. ಬೆನ್ನುಜ್ಜುವಾಗ ಯೋಳಿದ್ದು ನಂಗೆ. ಬಂಗ್ಲೇಲಿ ಕಸ ಗುಡ್ಸಕೆ ಓಯ್ತಿದ್ರಂತೆ. ಬರೂಕಿಲ್ಲ ಅನ್ನಂಗಿಲ್ಲ, ಅಂದ್ರೆ ಆಳು ಬಂದು ಬಾಗ್ಲಲ್ಲಿ ನಿಂತ್ಕಳೋನು. ಬಸ್ರಾದ್ರು. ದೊರೆ ಗಾಡಿ ಕಟ್ಕಂಡು ಓಯ್ತು. ಮಗೀನ ಮೊಖಾನೂ ನೋಡ್ನಿಲ್ಲ."

"ಅವ್ವಾ, ಸುಮ್ಕಿರು" ಎಂದ ದೇವರಾಜು.

"ನೀನ್ ಸುಮ್ಕಿರ್ಲಾ. ಅವ್ಳು ಕೇಳ್ತಾವ್ಳೆ, ನೀನಾ ಕೇಳ್ತಿರೋದು? ಆಮೇಕೆ ಏನಾಯ್ತು ಅಂದ್ರೆ, ಆ ಮಗೀನ ಇಸ್ಕೂಲ್ಗೆ ಸೇರ್ಸಕೆ ಕರ್ಕಂಡೋದ್ರು. ಮೇಷ್ಟ್ರು ಜಗ್ಲಿ ಮ್ಯಾಲೆ, ಇವ್ರು ಬೀದೀಲಿ. ಅಪ್ಪನ ಎಸ್ರೇನು ಅಂದ್ರು ಮೇಷ್ಟ್ರು. ಎಂಗುಸ್ರು ಗಂಡನ ಎಸ್ರು ಯೋಳಂಗಿಲ್ವಲ್ಲ, ಅದ್ಕೇ ಅವ್ರಣ್ಣ ಜವರಯ್ಯನ ಜತೆಗೆ ಕರ್ಕಂಡೋಗಿದ್ರು. ಯಾವ್ದಾರ ಒಂದು ಎಸ್ರು ಯೋಳ್ಬುಡು ಅಂತ ಮಾತಾಗಿತ್ತು. ಅವ್ನು ಬಾಯಿ ತೆಗ್ಯೋಕೆ ಮುಂಚೇನೆ ಇವ್ರೇ ಕೂಗ್ಬುಟ್ರಂತೆ, ಪೆನಿಕು ಅಂತ. ಇಡೀ ಬೀದಿಗೇ ಕೇಳ್ಸಂಗೆ."

ಚಿಕ್ಕಮಾದಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಾನು ಕೇಳ್ದೆ, ಎಂಗೆ ಯೋಳುದ್ರಿ ಅಜ್ಜಿ, ನಾಲ್ಗೆ ತಿರುಗ್ತಾ ಅಂತ. ಅದ್ಕೆ ಅವ್ರಂದ್ರು, ಗಂಡ ಆಗಿದ್ರೆ ಯೋಳ್ತಿರ್ನಿಲ್ಲ ಕಣೆ. ಗಂಡ ಅಲ್ವಲ್ಲ, ನನ್ನ ನಾಲ್ಗೆಗೆ ಯಾವ ಕಟ್ಟು ಅಂತ."

ಇಷ್ಟು ವರ್ಷ ಇದೇ ಸೂರಿನ ಕೆಳಗಿದ್ದರೂ ಮೋಹಿನಿ ಇದನ್ನು ಕೇಳಿರಲಿಲ್ಲ. ದೇವರಾಜು ಕೇಳಿದ್ದ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಎಲೆನ್ ಮುಗುಳ್ನಗುತ್ತ ಅಜ್ಜಿಯಿಂದ ಮೋಹಿನಿಯ ಕಡೆಗೆ ತಿರುಗಿ ಕಾದಳು.

"ಸಾಕಿ ಬೆಳೆಸಿದ, ಪ್ರೀತಿಯಿಂದ ಹೆಸರು ಕೊಟ್ಟ ಅಂತ ಹೇಳು" ಎಂದ ದೇವರಾಜು, ನಗುಮುಖ ಕೆಡದಂತೆ, ಕನ್ನಡದಲ್ಲಿ. "ಅಷ್ಟೇ ಹೇಳು. ಮರ್ಯಾದೆ ಕಳೀಬೇಡ."

ಮೋಹಿನಿ ಅತ್ತೆಯ ಕಡೆ ನೋಡಲಿಲ್ಲ. ದೊರೆ ಮಗುವನ್ನು ತುಂಬ ಪ್ರೀತಿಸುತ್ತಿದ್ದ, ಅವನೇ ಹೆಸರು ಕೊಟ್ಟ ಎಂದಳು. ಒಳ್ಳೆಯ, ತಪ್ಪಿಲ್ಲದ ಇಂಗ್ಲಿಷಿನಲ್ಲಿ.

ಎಲೆನ್ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಮ್ಮ ಮನೆಯಲ್ಲಿ ಅವನನ್ನು ಕಲ್ಲಿನಂಥ ಮನುಷ್ಯ ಎನ್ನುತ್ತಿದ್ದರು, ಇಂಡಿಯಾದ ಮಾತನ್ನೇ ಎತ್ತುತ್ತಿರಲಿಲ್ಲವಂತೆ, ಇಷ್ಟು ದೂರ ಬಂದದ್ದಕ್ಕೆ ಒಂದು ಒಳ್ಳೆಯ ಮಾತು ಕೇಳಿದೆ ಎಂದಳು. ಕಣ್ಣು ತೇವವಾಗಿತ್ತು.

"ನಾನು ಅಷ್ಟುದ್ದ ಯೋಳ್ದೆ, ನೀನು ಒಂದೇ ಉಸ್ರಿಗೆ ಮುಗಿಸ್ಬುಟ್ಯಲ್ಲಮ್ಮಿ" ಎಂದರು ಚಿಕ್ಕಮಾದಮ್ಮ.

"ಇಂಗ್ಲಿಷಲ್ಲಿ ಅಷ್ಟೇ ಅತ್ತೆ, ಚಿಕ್ಕದಾಗುತ್ತೆ."

"ಓ" ಎಂದ ಮುದುಕಿ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

ದೇವರಾಜು ಗೆಲುವಾಗಿ, ಫೆನ್ವಿಕ್ ಎಂಬ ಹೆಸರಿನ ಅರ್ಥವೇನು, ರಾಜಮನೆತನದ್ದಿರಬೇಕಲ್ಲವೇ ಎಂದು ಮೋಹಿನಿಯಿಂದ ಕೇಳಿಸಿದ. ಎಲೆನ್ ನಕ್ಕಳು. ಅಂಥದ್ದೇನಿಲ್ಲ. ಅದು ತಮ್ಮ ದೇಶದ ಉತ್ತರದಲ್ಲಿರುವ ಒಂದು ಹಳ್ಳಿಯ ಹೆಸರು. ಜೌಗು ನೆಲದ ಪಕ್ಕದ ದನದ ಹಟ್ಟಿ ಎಂಬರ್ಥ ಅಷ್ಟೆ. ಆ ಊರಿನಲ್ಲೇ ಉಳಿದವರನ್ನು ಯಾರೂ ಫೆನ್ವಿಕ್ ಎಂದು ಕರೆಯುವುದಿಲ್ಲವಲ್ಲ. ಅಲ್ಲಿಂದ ಹೊರಟು ಬೇರೆ ಊರು ಸೇರಿದವರನ್ನು ಹೊಸ ಊರಿನವರು ಹಾಗೆ ಕರೆದರು. ಹೆಸರು ಅಂಟಿತು.

ಇದನ್ನು ಮೋಹಿನಿ ಪೂರ್ತಿಯಾಗಿ, ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು.

"ಅಟ್ಟಿಯಾ!" ಚಿಕ್ಕಮಾದಮ್ಮ ನಕ್ಕೂ ನಕ್ಕೂ ಕೆಮ್ಮಿದರು. "ಲೋ ದೇವರಾಜ, ಇದ್ಕಾ ಕಲ್ಲು ಕೆತ್ತಿಸಿದ್ದು ನೀನು? ಊರು ಬುಟ್ಟೋರ್ಗೆ ಊರ ಎಸ್ರು. ನಮ್ಮೆಣ್ಮಕ್ಕಳ್ನ ಕರ್ಯೋದು ಅಂಗೇ ಅಲ್ವಾ. ನಾನು ಈ ಬೀದಿಗೆ ಕಿರುಗಾವಲೋಳು. ಇವ್ಳು ಸೋಮ್ನಳ್ಳಿಯೋಳು."

ಅಜ್ಜಿ ಏನಂದರು ಎಂದು ಎಲೆನ್ ಕೇಳಿದಳು. ಹೆಸರು ಚೆನ್ನಾಗಿದೆ ಅಂದರು ಎಂದ ದೇವರಾಜು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ.

ಹೊರಡುವ ಮುಂಚೆ ಎಲೆನ್ ಇನ್ನೊಂದು ಮಾತೆತ್ತಿದಳು. ದೇವರಾಜು ಕಳಿಸಿದ ವಂಶವೃಕ್ಷದಲ್ಲಿ ಗಂಡಸರೇ ಇದ್ದಾರೆ. ಹೆಂಗಸರೂ ಬೇಕು. ಆ ಮಗುವಿನ ತಾಯಿಯ ಹೆಸರೇನು? ಮೋಹಿನಿ ಪುಟ್ಟಮಾದಮ್ಮ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಎಲೆನ್ ಎರಡು ಸಲ ಉಚ್ಚರಿಸಿ ನೋಡಿದಳು. ಅಜ್ಜಿಯ ಹೆಸರು? ಚಿಕ್ಕಮಾದಮ್ಮ. ಮದುವೆಯಾಗಿ ಹೋದ ನಿಮ್ಮ ಮಗಳು? ಚಂದನ.

"ನಿಮ್ಮದು? ಮದುವೆಗೆ ಮುಂಚಿನದು?"

ಮೋಹಿನಿ ಬಾಯಿ ತೆರೆದಳು. "ಮೋಹಿನಿ. ಮೋಹಿನಿ ಫೆನ್ವಿಕ್" ಎಂದ ದೇವರಾಜು.

ಹೆಸರುಗಳು ಮಾತ್ರ ಅರ್ಥವಾಗುತ್ತಿದ್ದ ಚಿಕ್ಕಮಾದಮ್ಮ ತಲೆಯೆತ್ತಿದರು. "ಅದು ನಾವು ಕಟ್ಟಿದ್ದು ಕಣ್ಲಾ. ಇವ್ಳ ಎಸ್ರು ಸಿವನಂಜಮ್ಮ. ಯೋಳೇ ಅವ್ಳಿಗೆ."

ಎಲೆನ್ ಮತ್ತೆ ಮೋಹಿನಿಯ ಮುಖ ನೋಡಿದಳು, ಅಜ್ಜಿಯ ಮಾತು ಇಂಗ್ಲಿಷಾಗಿ ಬರಲೆಂದು. ದೇವರಾಜು ಕೂಡ ನೋಡಿದ. ಐದಕ್ಷರ. ಅದನ್ನು ಬೇರೆ ಭಾಷೆಗೆ ತಿರುಗಿಸಬೇಕಾಗಿಯೂ ಇರಲಿಲ್ಲ.

"ಊಟ ಸರಿಯಾಯಿತಾ ಎಂದು ಕೇಳುತ್ತಿದ್ದಾರೆ" ಎಂದಳು ಮೋಹಿನಿ.

ಕಾರು ಮೈಸೂರಿನ ರಸ್ತೆಗೆ ತಿರುಗುವ ತನಕ ದೇವರಾಜು ಕೈ ಬೀಸಿದ. ಸಂಜೆಯವರೆಗೂ ಅವನ ಫೋನು ಬಿಡುವಾಗಲಿಲ್ಲ. "ಹೂಂ ಕಣಪ್ಪ, ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ರಕ್ತ ಅಲ್ದಿದ್ರೇನು, ಪ್ರೀತಿ ದೊಡ್ದು" ಎನ್ನುತ್ತ ವರಾಂಡದಲ್ಲಿ ಓಡಾಡಿದ. ಒಳಗೆ ಬಂದವನು ಮೋಹಿನಿಯ ಹೆಗಲು ತಟ್ಟಿ, "ಚೆನ್ನಾಗಿ ನಿಭಾಯಿಸಿದೆ ನೀನು. ನಿನ್ನಂಗೆ ಯಾರಿಗೂ ಆಗ್ತಿರಲಿಲ್ಲ" ಎಂದ. ಮೆಚ್ಚುಗೆಯೇ. ಆ ಕೈ ಸರಿದ ಮೇಲೂ ಹೆಗಲಿನಲ್ಲಿ ಅದರ ಭಾರ ಉಳಿದಿತ್ತು.

"ರೀ, ನಾಳೆ ಆ ಅಫಿಡವಿಟ್ಟು..."

"ಈಗ್ಲೇ ಎತ್ಬೇಕಾ ಅದನ್ನ? ನೋಡೋಣ ಅಂದ್ನಲ್ಲ. ಆವಮ್ಮ ವಂಶವೃಕ್ಷದಲ್ಲಿ ಮೋಹಿನಿ ಅಂತ ಸೇರಿಸ್ಕೊಂಡು ಹೋಗಿದಾಳೆ, ನಾಳೆ ಬೇರೆ ಹೆಸರು ಅಂದ್ರೆ ನಗಲ್ವಾ? ಈ ವಯಸ್ಸಲ್ಲಿ ಮದ್ದೂರಿಗೆ ಬಸ್ಸಲ್ಲಿ ನೇತಾಡ್ಕೊಂಡು ಹೋಗೋದೂ ಒಂದು ಬದುಕೇನೆ?"

ಅವನು ಉತ್ತರಕ್ಕೆ ಕಾಯಲಿಲ್ಲ. ಫೋನು ಮತ್ತೆ ಬಂತು.

ಅಡುಗೆಮನೆಯಲ್ಲಿ ಚಿಕ್ಕಮಾದಮ್ಮ ಸಿಪ್ಪೆಯನ್ನೆಲ್ಲ ಎಮ್ಮೆಗೆಂದು ಒಂದು ಪುಟ್ಟಿಗೆ ತುಂಬುತ್ತಿದ್ದರು. ಎಮ್ಮೆ ಮಾರಿ ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯವರು ಬಂದು ಒಯ್ಯುತ್ತಿದ್ದರು.

"ನಾನು ಯೋಳಿದ್ದ ನೀನು ಅವ್ಳಿಗೆ ಯೋಳ್ನಿಲ್ಲ, ಅಲ್ವಾ?"

ಮೋಹಿನಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಬುಡು. ನಾನು ಮಾತ್ರ ಯಾರ್ಗೆ ಯೋಳಿದ್ದೆ ಇಷ್ಟು ದಿವ್ಸ" ಎಂದು ಮುದುಕಿ ನೆಲಕ್ಕೆ ಕೈಯೂರಿ ಎದ್ದರು. ಬಾಗಿಲಲ್ಲಿ ನಿಂತು, ಯಾರಿಗೋ ಎಂಬಂತೆ ಹೇಳಿದರು. "ಜವರಯ್ಯ ಪಕ್ಕದಲ್ಲೇ ನಿಂತಿದ್ನಂತೆ ಕಣಮ್ಮಿ. ಪುಟ್ಟಮಾದವ್ವಾರು ಅವ್ನು ಯೋಳ್ಲಿ ಅಂತ ಕಾಯ್ಬೋದಾಗಿತ್ತು."

ನಲ್ಲಿಯ ನೀರು ಸಣ್ಣಗೆ ಬರುತ್ತಿತ್ತು. ಮೋಹಿನಿಗೆ ಆ ಬೀದಿ ಕಾಣುತ್ತಿತ್ತು. ಜಗಲಿ, ಮೇಷ್ಟ್ರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಹೆಂಗಸು. ಕೋರ್ಟಿನ ಎದುರು ಹುಣಸೆಮರದ ಕೆಳಗೆ ಅಫಿಡವಿಟ್ ಮಾಡಿಕೊಡುವ ಟೈಪಿನವರು ಸಾಲಾಗಿ ಕೂತಿರುವುದನ್ನು ಅವಳು ತರಕಾರಿಗೆ ಹೋಗುವಾಗಲೆಲ್ಲ ನೋಡುತ್ತಿದ್ದಳು. ಅಲ್ಲಿಗೆ ಗಂಡಸರೊಬ್ಬರು ಜೊತೆಗೆ ಬರಬೇಕು ಎಂದು ಅವಳಿಗೆ ಯಾರು ಹೇಳಿದ್ದರು? ನೆನಪು ಮಾಡಿಕೊಂಡಳು. ಯಾರೂ ಹೇಳಿರಲಿಲ್ಲ.

"ನಾಳೆ ಮೀಟಿಂಗಿದೆ, ಬೇಗ ಹೊರಡ್ತೀನಿ. ಡಬ್ಬಿಗೆ ಏನಾದ್ರೂ ಮಾಡಿಡು" ಎಂದು ದೇವರಾಜು ವರಾಂಡದಿಂದ ಕೂಗಿದ.

"ಹೂಂ" ಎಂದಳು.

ಸ್ಟೂಲು ಹತ್ತಿ ಅಟ್ಟದ ಮೇಲೆ ಕೈಯಾಡಿಸಿದಳು. ಚಂದನ ಕಾಲೇಜಿಗೆ ಒಯ್ಯುತ್ತಿದ್ದ ಸ್ಟೀಲಿನ ಡಬ್ಬಿ ಹಳೆಯ ಪೇಪರಿನಲ್ಲಿ ಸುತ್ತಿಕೊಂಡೇ ಇತ್ತು. ಮುಚ್ಚಳ ಬಿಗಿಯಾಗಿತ್ತು, ಬಿಸಿನೀರು ಬಿಟ್ಟ ಮೇಲೆ ಸಡಿಲವಾಯಿತು. ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ಉಜ್ಜಿ, ದೇವರಾಜುವಿನ ಡಬ್ಬಿಯ ಪಕ್ಕದಲ್ಲಿ ಬೋರಲು ಹಾಕಿದಳು. ಎರಡರಿಂದಲೂ ನೀರು ಸಣ್ಣಗೆ ಕಟ್ಟೆಯ ಮೇಲೆ ಇಳಿಯತೊಡಗಿತು.