ಕಾರಂಜಿಯ ಗುಂಡಿ

“ಏಯ್ ಮುಂಡೇದೇ, ಏಳೇ ಮೇಲೆ! ಅದೇನು ನಿಮ್ಮಪ್ಪನ ಗದ್ದೆಯೇನೇ, ಅಲ್ಲಿ ಕುಕ್ಕರಿಸೋಕೆ?”

ಕಾವಲುಗಾರನ ಸೀಟಿ, ಅದರ ಹಿಂದೆಯೇ ಮೇಸ್ತ್ರಿಯ ಬಾಯಿ. ಎರಡೂ ಸೇರಿ ಬಡಾವಣೆಯ ಮೂರು ಬೀದಿಗೆ ಕೇಳಿಸಿದವು. ಗಿಡದ ಬೇಲಿಯ ಹಿಂದೆ ಕೂತಿದ್ದ ನಾದಿನಿ ಅರ್ಧಕ್ಕೇ ಎದ್ದು ಬಟ್ಟೆ ಸರಿಮಾಡಿಕೊಂಡಳು. ಅತ್ತ ಬೇಲಿ ಸವರುತ್ತಿದ್ದ ಅವಳ ಅತ್ತಿಗೆ ಕತ್ತರಿ ಹಿಡಿದುಕೊಂಡೇ ಓಡಿಬಂದಳು.

ಈ ಅತ್ತಿಗೆಯನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಆ ಹೆಸರು ಕೈಯಿಂದ ಬಂತು ಎಂದು ಅವಳು, ನಾಲಿಗೆಯಿಂದ ಬಂತು ಎಂದು ಉಳಿದವರು. ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿಯ ಕೈಕೆಳಗೆ ಈ ಬಡಾವಣೆಯ ತೋಟಗಳಲ್ಲೇ ದುಡಿದವಳು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಕೆಲಸ. ಯಾವ ಮನೆಯ ಕಕ್ಕಸಿಗೂ ಕೆಲಸದವರು ಕಾಲಿಡುವಂತಿಲ್ಲ. ಉದ್ಯಾನದ ಕಕ್ಕಸಿಗೆ ‘ನಿವಾಸಿಗಳಿಗೆ ಮಾತ್ರ’ ಎಂಬ ಬೋರ್ಡು, ಬೋರ್ಡಿಗಿಂತ ದೊಡ್ಡ ಬೀಗ. ಗಂಡಸರು ಗೋಡೆ ನೋಡಿ ನಿಲ್ಲುತ್ತಿದ್ದರು. ಹೆಂಗಸರು ಬೆಳಿಗ್ಗೆಯಿಂದ ನೀರು ಮುಟ್ಟದೆ ಎಂಜಲು ನುಂಗಿಕೊಂಡು ದಿನ ದೂಡುತ್ತಿದ್ದರು.

ಬಡಾವಣೆ ಸಂಘದ ಅಧ್ಯಕ್ಷರು ನಾಯಿ ಹಿಡಿದುಕೊಂಡು ಅದೇ ದಾರಿಯಲ್ಲಿ ಬಂದರು. ವಿಷಯ ತಿಳಿದು ಮೂಗು ಮುಚ್ಚಿಕೊಂಡರು.

“ಥೂ! ದನಗಳೇ ವಾಸಿ. ಸೋಪು ಹಾಕಿ ಆ ಬೇಲೀನ ಎಲೆ ಎಲೆ ಒರೆಸ್ಲಿ ಇವಳು.”

ನಾದಿನಿ ಬಕೆಟ್ಟು ತಂದು ಒರೆಸತೊಡಗಿದಳು. ಅವಳು ನಾಲ್ಕನೆಯ ಎಲೆ ಮುಟ್ಟುವಷ್ಟರಲ್ಲಿ ಅಧ್ಯಕ್ಷರ ನಾಯಿ ಅದೇ ಬೇಲಿಗೆ ಕಾಲೆತ್ತಿ ತನ್ನ ಕೆಲಸ ನಿಧಾನವಾಗಿ ಮುಗಿಸಿತು.

ಕತ್ತರಿಯಕ್ಕ ಅಂದಳು: “ಸಾಹೇಬ್ರೇ, ಅವನಿಗೂ ಒಂದು ಬಟ್ಟೆ ಕೊಡಿ. ಇಬ್ಬರೂ ಸೇರಿ ಒರೆಸ್ಲಿ.”

ಅಷ್ಟಕ್ಕೇ ಇಬ್ಬರ ಕೆಲಸವೂ ಹೋಯಿತು.

“ಹೋದ್ರೆ ಹೋಗ್ಲಿ ಬೋಳಿಮಗಂದು” ಎಂದಳು ಕತ್ತರಿಯಕ್ಕ ಮನೆಗೆ ಬಂದು. “ಗುಂಡಿ ತೋಡೋರು ನಾವು, ಹುಲ್ಲು ಹಾಸೋರು ನಾವು. ಮೇಸ್ತ್ರಿ ಮಾಡೋದೇನು? ಸೊಂಟದ ಮೇಲೆ ಕೈ ಇಟ್ಕೊಳ್ಳೋದು. ನಮಗೂ ಸೊಂಟ ಇದೆ.”

ಹೀಗೆ ಕಂಪನಿ ಹುಟ್ಟಿತು. ಎರಡು ಗುದ್ದಲಿ, ಒಂದು ಕುಂಟೆ, ಕತ್ತರಿ, ಗುಜರಿಯಿಂದ ತಂದು ರಿಪೇರಿ ಮಾಡಿಸಿದ ಹುಲ್ಲು ಕತ್ತರಿಸುವ ಯಂತ್ರ, ಇಷ್ಟನ್ನೂ ಹೇರಲು ಒಂದು ತಳ್ಳುಗಾಡಿ. ಎಂಟನೇ ತರಗತಿಯವರೆಗೆ ಓದಿದ್ದ ನಾದಿನಿ ದುಂಡನೆಯ ಅಕ್ಷರದಲ್ಲಿ ಷರತ್ತಿನ ಕಾಗದ ಬರೆದಳು. ಮಣ್ಣು ಯಾರದು, ಗೊಬ್ಬರ ಯಾರದು, ಗಿಡ ಒಣಗಿದರೆ ಹೊಣೆ ಯಾರದು ಎಂದೆಲ್ಲ ಆದ ಮೇಲೆ ಕೊನೆಯ ಸಾಲು: ‘ಕೆಲಸದವರಿಗೆ ಕಕ್ಕಸು ಬಿಟ್ಟುಕೊಡಬೇಕು.’

ಗೋಡೆಗೊರಗಿ ಬೀಡಿ ಸೇದುತ್ತಿದ್ದ ಕತ್ತರಿಯಕ್ಕನ ಗಂಡ ನಕ್ಕ. “ಅದನ್ನ ಕೊನೇಲಿ ಯಾಕೆ ಬರೀತೀರಿ? ಕಂಪನಿಗೆ ಅದೇ ಹೆಸರಿಡಿ.”

ಬಡಾವಣೆಯಲ್ಲೇ ಇದ್ದ ಪರವಾನಗಿ ಕಚೇರಿಯಲ್ಲಿ ಅಧಿಕಾರಿ ಕತ್ತರಿಯಕ್ಕನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಕುರ್ಚಿ ಖಾಲಿಯಿತ್ತು, ಕೂರು ಎನ್ನಲಿಲ್ಲ.

“ಲ್ಯಾಂಡ್‌ಸ್ಕೇಪ್ ಅಂತ ಬರ್ಕೊಂಡು ಬಂದಿದ್ದೀಯಲ್ಲ, ಹಾಗಂದ್ರೆ ಏನು ಗೊತ್ತೇನಮ್ಮ?”

“ದುಡ್ಡಿರೋರ ಮನೆ ಮುಂದೆ ಇರೋ ನೆಲಾನ ನೆಲದ ಥರ ಕಾಣದ ಹಾಗೆ ಮಾಡೋದು ಸಾರ್.”

“ಡಿಪ್ಲೊಮಾ ಇದೆಯಾ?”

“ಕಿಟಕಿಯಿಂದ ಇಣುಕಿ. ಆ ಹುಲ್ಲು ಹಾಸಿದ್ದು ನಾನು.”

ಅವನು ಇಣುಕಲಿಲ್ಲ. ತನ್ನ ಮನೆಯ ಮೂರು ಗುಲಾಬಿ ಕುಂಡ ಸಾಯುತ್ತಿವೆ, ಅವನ್ನು ಬದುಕಿಸಿದರೆ ಮುದ್ರೆ ಒತ್ತುವೆನೆಂದ. ಎರಡು ವಾರ ಬಿಟ್ಟಿ ಓಡಾಡಿ ಕತ್ತರಿಯಕ್ಕ ಮೂರನ್ನೂ ಬದುಕಿಸಿದಳು. ಅಲ್ಲಿಯೂ ಕಕ್ಕಸು ಕೇಳಿದಳು. “ನಂದೇನಿಲ್ಲಮ್ಮ, ಮನೆಯವಳು ಒಪ್ಪಲ್ಲ” ಎಂದು ಅಧಿಕಾರಿ ಗುಲಾಬಿಯನ್ನೇ ನೋಡುತ್ತ ಹೇಳಿದ.

ಮುದ್ರೆ ಬಿತ್ತು, ಗಿರಾಕಿ ಬೀಳಲಿಲ್ಲ. ಮನೆ ಮನೆಗೂ ಕಾಗದ ತೋರಿಸಿದರು. ಎಲ್ಲರೂ ಕೊನೆಯ ಸಾಲಿನವರೆಗೆ ಚೆನ್ನಾಗಿಯೇ ಓದುತ್ತಿದ್ದರು. ಒಬ್ಬಾಕೆ, “ಬೇಕಾದ್ರೆ ಟೀ ಕೊಡ್ತೀನಿ ಕಣಮ್ಮ, ಅದೊಂದು ಕೇಳ್ಬೇಡ” ಎಂದಳು. “ಟೀ ಕುಡಿದ ಮೇಲೆ ಅದೇ ಕೇಳ್ಬೇಕಾಗತ್ತೆ ತಾಯಿ” ಎಂದು ಕತ್ತರಿಯಕ್ಕ ಗಾಡಿ ತಿರುಗಿಸಿದಳು. ಹದಿನೈದು ದಿನದಲ್ಲಿ ಬಡಾವಣೆ ಅವರಿಗೆ ‘ಕಕ್ಕಸು ಕಂಪನಿ’ ಎಂದು ಹೆಸರಿಟ್ಟಿತು.

ಕೊನೆಗೆ ಕರೆದವರು ಸಾಕ್ಷಾತ್ ಅಧ್ಯಕ್ಷರು. ಸಂಘದ ವಾರ್ಷಿಕ ಚಹಾಕೂಟ ಅವರ ಮನೆಯಂಗಳದಲ್ಲಿ, ಹನ್ನೆರಡೇ ದಿನ ಉಳಿದಿತ್ತು. ಮೇಸ್ತ್ರಿ ಅಂಗಳವನ್ನು ಅಗೆದು, ಹಂದಿ ಹೊರಳಿದ ಕೆಸರಿನಂತೆ ಮಾಡಿಟ್ಟು, ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತೆಂದು ಕೈಕೊಟ್ಟಿದ್ದ. ಅಧ್ಯಕ್ಷರು ಷರತ್ತು ಓದಿದರು, ಹುಬ್ಬು ಗಂಟಿಕ್ಕಿದರು, ಸಹಿ ಹಾಕಿದರು. ಕಾರು ಶೆಡ್ಡಿನ ಹಿಂದಿನ ಕಕ್ಕಸಿನ ಬೀಗದ ಕೈಯನ್ನು ಅಡುಗೆಯವಳ ಕೈಲಿ ಕೊಡಿಸಿದರು.

ಮೊದಲ ದಿನ ನಾದಿನಿ ಅದರೊಳಗಿಂದ ಚುನಾವಣೆ ಗೆದ್ದವಳ ಮುಖ ಮಾಡಿಕೊಂಡು ಹೊರಬಂದಳು. ಅವತ್ತು ಅವಳು ಆರು ಲೋಟ ನೀರು ಕುಡಿದಳು, ಬರೀ ಹಟಕ್ಕೆ.

ಮೂರನೆಯ ದಿನ ಹೊಸ ಬೀಗ ಬಿದ್ದಿತ್ತು.

“ವಾಸನೆ ಅಂತ ಡ್ರೈವರ್ ದೂರು ಹೇಳ್ದ” ಎಂದರು ಅಧ್ಯಕ್ಷರು.

“ಅದು ಗೊಬ್ಬರದ ವಾಸನೆ. ನೀವೇ ತರಿಸಿದ್ದು. ಕಾಗದಕ್ಕೆ ಸಹಿ ಹಾಕಿದ್ದೀರಲ್ಲ ಸಾಹೇಬ್ರೇ?”

“ಬಿಟ್ಟುಕೊಡಬೇಕು ಅಂತ ತಾನೇ ಇರೋದು? ಬಿಟ್ಟುಕೊಟ್ಟೆ, ಎರಡು ದಿನ. ಎಷ್ಟು ದಿನ ಅಂತ ಬರ್ದಿದ್ಯಾ?”

ಕತ್ತರಿಯಕ್ಕ ಗುದ್ದಲಿ ಎಸೆದು ಹೊರಟೇಬಿಟ್ಟಳು. ನಾದಿನಿ ಗೇಟಿನ ಬಳಿ ಅಡ್ಡ ನಿಂತಳು. “ಮೊದಲನೇ ತೋಟ ಅತ್ತಿಗೆ. ಅರ್ಧಕ್ಕೆ ಬಿಟ್ರೆ ಮೇಸ್ತ್ರಿ ಹಲ್ಲು ಕಿಸೀತಾನೆ. ತಡ್ಕೋತೀನಿ, ಅಭ್ಯಾಸ ಇದೆ.”

ಕಸ ಚೆಲ್ಲುವ ನೆಪದಲ್ಲಿ ಬಂದ ಅಡುಗೆಯವಳು ಪಿಸುಗುಟ್ಟಿದಳು: “ನಮಗೂ ಬಿಡಲ್ಲಕ್ಕಾ. ಹನ್ನೊಂದು ವರ್ಷ ಆಯ್ತು, ಪಕ್ಕದ ಖಾಲಿ ಸೈಟಿಗೇ ಹೋಗ್ತೀನಿ.”

ಕೆಲಸ ಸಾಗಿತು. ಕೆಸರು ಎತ್ತಿ ಕೆಂಪು ಮಣ್ಣು ತುಂಬಿದರು, ಹಗ್ಗ ಹಿಡಿದು ಮಟ್ಟ ನೋಡಿದರು, ಹುಲ್ಲಿನ ಹಾಸನ್ನು ಚಾಪೆ ಬಿಚ್ಚಿದಂತೆ ಬಿಚ್ಚಿ ಹಾಸಿ, ಹಲಗೆಯಿಂದ ತಟ್ಟಿ ಕೂರಿಸಿದರು. ನಡುವೆ ಕಾರಂಜಿ ಬೇಕೆಂದು ಅಧ್ಯಕ್ಷರ ಅಪ್ಪಣೆ. ಅದಕ್ಕೆ ಸೊಂಟದಾಳದ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ತಳದಿಂದ ಮನೆಯ ಮೋರಿಗೆ ದಪ್ಪ ಕೊಳವೆ ಎಳೆದರು. ಮೇಲೆ ಕೂರಿಸುವ ಕಲ್ಲಿನ ಬಟ್ಟಲು ಬಂದು ಗೇಟಿನ ಬಳಿ ಕಾಯುತ್ತಿತ್ತು.

ಒಂಬತ್ತನೆಯ ದಿನ ನಾದಿನಿ ಕಿಬ್ಬೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಮಡಚಿಕೊಂಡಳು. ಮೈ ಕೆಂಡದಂತೆ ಸುಡುತ್ತಿತ್ತು, ಮೂತ್ರದಲ್ಲಿ ರಕ್ತ. ಆಸ್ಪತ್ರೆಯ ಡಾಕ್ಟರು ಚೀಟಿ ಬರೆಯುತ್ತ, “ತಡ್ಕೊಂಡು ತಡ್ಕೊಂಡು ಹೀಗಾಗಿದೆ. ಚೆನ್ನಾಗಿ ನೀರು ಕುಡೀಬೇಕು. ಬಂದಾಗ ಹೋಗ್ಬೇಕು” ಎಂದರು.

“ಎಲ್ಲಿಗೆ?” ಎಂದಳು ಕತ್ತರಿಯಕ್ಕ. ಆ ಔಷಧಿ ಡಾಕ್ಟರ ಚೀಟಿಯಲ್ಲಿ ಇರಲಿಲ್ಲ.

ನಾದಿನಿಯನ್ನು ಮನೆಗೆ ತಂದು ಮಲಗಿಸಿದ ಮೇಲೆ ಕತ್ತರಿಯಕ್ಕ ಯಾರನ್ನೂ ಬಯ್ಯಲಿಲ್ಲ. ಅದನ್ನು ಕಂಡೇ ಅವಳ ಗಂಡನಿಗೆ ಹೆದರಿಕೆಯಾಯಿತು.

ಚಹಾಕೂಟದ ದಿನ ನಾದಿನಿ, ಬೇಡವೆಂದರೂ ಕೇಳದೆ, ತಳ್ಳುಗಾಡಿಯ ಮೇಲೆ ಕೂತು ಬಂದಳು. ಅತ್ತಿಗೆ ನಾದಿನಿ ಸೇರಿ ಗುಂಡಿಯ ಮೇಲೆ ಅಡ್ಡಕ್ಕೆ ಎರಡು ಚಪ್ಪಡಿ ಕಲ್ಲು ಹಾಕಿದರು, ನಡುವೆ ಒಂದು ಗೇಣು ಬಿಟ್ಟು. ಸುತ್ತ ನಾಲ್ಕು ಗಳ ನೆಟ್ಟು ನೀಲಿ ಟಾರ್ಪಾಲು ಬಿಗಿದರು.

“ಏನದು ಮುಸುಕು?” ಎಂದರು ಅಧ್ಯಕ್ಷರು.

“ಕಾರಂಜಿ ಸಾಹೇಬ್ರೇ. ಎಲ್ಲರೂ ಬಂದ ಮೇಲೆ ಶುರು ಮಾಡೋಣ.”

ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತು.

ಸಂಜೆ ನಾಲ್ಕಕ್ಕೆ ಇಸ್ತ್ರಿ ಬಟ್ಟೆಗಳೆಲ್ಲ ಹುಲ್ಲಿನ ಮೇಲೆ ನೆರೆದವು. ಪರವಾನಗಿ ಅಧಿಕಾರಿಯೂ ಬಂದಿದ್ದ. ಅಡುಗೆಯವಳು ತಟ್ಟೆ ಹಿಡಿದು ಚಹಾ ಬಟ್ಟಲುಗಳನ್ನು ಹಂಚುತ್ತಿದ್ದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಈ ತೋಟದ ಒಂದೊಂದು ಇಂಚನ್ನೂ ನಾನೇ ಕೂತು ಯೋಚಿಸಿ ಮಾಡಿಸಿದ್ದು. ಈಗ ನಮ್ಮ ಕಾರಂಜಿ. ದಯವಿಟ್ಟು ಒಂದು ನಿಮಿಷ ಮೌನ, ಅದರ ಸದ್ದು ಕೇಳಿಸ್ಕೊಳ್ಳಿ!”

ಚಪ್ಪಾಳೆ ಬಿತ್ತು, ನಿಂತಿತು. ಕತ್ತರಿಯಕ್ಕ ಒಂದು ಚೊಂಬು ನೀರನ್ನು ಎಲ್ಲರೆದುರು ಗಟಗಟ ಕುಡಿದು, ಇನ್ನೊಂದು ಚೊಂಬು ಹಿಡಿದು ಟಾರ್ಪಾಲಿನೊಳಗೆ ಹೋದಳು. ನಾದಿನಿ ಕತ್ತರಿ ಹಿಡಿದು ಹೊರಗೆ ನಿಂತಳು.

ಸದ್ದು ಬಂತು.

ಒಬ್ಬಾಕೆ ಕಣ್ಣು ಮುಚ್ಚಿ, “ಆಹಾ, ಎಷ್ಟು ನೈಸರ್ಗಿಕವಾಗಿದೆ” ಎಂದಳು. ಸದ್ದು ತಗ್ಗಿತು, ಮತ್ತೆ ಏರಿತು. ಆಮೇಲೆ ಬೇರೆ ಥರದ್ದೊಂದು ಸದ್ದು ಬಂತು. ಅದು ಯಾವ ಕಾರಂಜಿಯೂ ಮಾಡುವುದಲ್ಲ. ಕಣ್ಣು ಮುಚ್ಚಿದ್ದವಳು ಕಣ್ಣು ಬಿಟ್ಟಳು. ಬಟ್ಟಲುಗಳು ತುಟಿಯ ಬಳಿಯೇ ನಿಂತವು.

“ಏಯ್! ಆಚೆ ಬಾರೇ!” ಅಧ್ಯಕ್ಷರು ಕಿರುಚುತ್ತ ಟಾರ್ಪಾಲಿಗೆ ಕೈ ಹಾಕಹೋದರು. ನಾದಿನಿ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದಳು. ಕೈ ಹಿಂದೆ ಹೋಯಿತು.

ಒಳಗಿನಿಂದ ದನಿ ಬಂತು: “ತಾಳಿ ಸಾಹೇಬ್ರೇ, ಇಪ್ಪತ್ತೆರಡು ವರ್ಷದ್ದು ಇದೆ.”

ಅಧ್ಯಕ್ಷರು ಪೊಲೀಸರನ್ನು ಕರೆಯಿರಿ ಎಂದು ಕೂಗಿದರು, ಕಾವಲುಗಾರನನ್ನು ಕೂಗಿದರು. ಅಡುಗೆಯವಳು ತುಂಬಿದ ತಟ್ಟೆಯನ್ನು ಪರವಾನಗಿ ಅಧಿಕಾರಿಯ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹೊಸ ಹುಲ್ಲನ್ನು ತುಳಿಯುತ್ತ ಬಂದು ನಾದಿನಿಯ ಹಿಂದೆ ನಿಂತಳು.

“ನೀನ್ಯಾಕೆ ಇಲ್ಲಿ? ಒಳಗೆ ನಡಿ!”

“ಪಾಳಿ ಸಾರ್” ಎಂದಳು ಅವಳು.