ಏಳನೇ ಪುಟದ ಬಾವಿ

ಬಾವಿಯೊಳಗೆ ಮುಖ ಬರೆದವರು ಯಾರು ಅಂತ ಕರೀಮ ಸಾಬರು ನನ್ನನ್ನು ಕೇಳಿದರು. ನಾನು ಅವರನ್ನೇ ಕೇಳಬೇಕೆಂದಿದ್ದೆ.

"ನಾ ಯಾಕ ಬರೀಲಿ ಚಾಚಾ? ನನಗ ಅಕ್ಷರ ಬಿಟ್ಟರ ಒಂದು ಬೆಕ್ಕಿನ ಚಿತ್ರಾನೂ ಬರಂಗಿಲ್ಲ."

"ನಾನೂ ಬರದಿಲ್ಲ ಬೇಟಿ. ನಾ ಬರದದ್ದು ಖಾಲಿ ಬಾವಿ."

ಕಲ್ಲಿನಿಂದ ಆಗಷ್ಟೇ ಎತ್ತಿದ ಹಾಳೆ ಇನ್ನೂ ಹಸಿಯಾಗಿತ್ತು. ಏಳನೇ ಪುಟ. ಬರಿದಾದ ಹೊಲ, ನಡುವೆ ಬಾವಿ, ಬಾವಿಯ ತುಂಬಾ ಕರೀ ಮಸಿ. ಆ ಕರಿಯೊಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಹೆಂಗಸಿನ ಮುಖ, ಕತ್ತೆತ್ತಿ ಮೇಲೆ ನೋಡುತ್ತಿತ್ತು.

ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಕರೀಮ ಸಾಬರ ಕಲ್ಲಚ್ಚಿನ ಛಾಪಖಾನೆ. ಹಳದಿ ಕಾಗದದ ಮೇಲೆ ಜಿಡ್ಡಿನ ಮಸಿಯಿಂದ ಅವರು ಚಿತ್ರ ಬರೆಯುತ್ತಿದ್ದರು. ಚಿತ್ರದ ಮಂದಿಯ ಬಾಯಿ ಹತ್ತಿರ ಬಿಟ್ಟ ಜಾಗದಲ್ಲಿ ನಾನು ಕನ್ನಡದ ಮಾತು ಬರೆಯುತ್ತಿದ್ದೆ. ಕಾಗದವನ್ನು ಕಲ್ಲಿಗೆ ಒತ್ತಿದರೆ ಎಲ್ಲ ಕಲ್ಲಿಗೆ ಇಳಿಯುತ್ತಿತ್ತು. ಅಚ್ಚು ಹಾಕಿದ ಮೇಲೆ ಕಲ್ಲಿಗೆ ನೀರು, ಉಸುಕು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಿ ಅಳಿಸಬೇಕು. ಸರಿಯಾಗಿ ತಿಕ್ಕದಿದ್ದರೆ ಹಳೆಯ ಚಿತ್ರ ಹೊಸದರೊಳಗೆ ಏಳುತ್ತದೆ. ಇದೂ ಹಾಗೇ ಇರಬೇಕು ಅಂದುಕೊಂಡೆವು.

"ಯಾವುದೋ ಹಳೇ ಮದಿವಿ ಕಾರ್ಡಿಂದು ಇರಬೇಕ್ರಿ," ಅಂದೆ.

"ಇಂಥ ಮಾರಿ ನೋಡಿದ್ರ ಮದಿವಿಗೆ ಯಾರು ಬರ್ತಾರ?" ಅಂದರು. ನಕ್ಕೆವು. ಕಲ್ಲು ತಿಕ್ಕಿದೆವು, ಮತ್ತೆ ಬರೆದು ಇಳಿಸಿದೆವು. ಮುಖ ಮತ್ತೆ ಬಂತು. ಈ ಸಲ ಬಾವಿಯಲ್ಲಿ ಒಂದು ಬೆರಳಗಲ ಮೇಲೆ.

ಅದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ವರ್ಷ. ಕಚೇರಿಯ ಉರ್ದು ಫಾರಂಗಳನ್ನೇ ನಂಬಿದ್ದ ಛಾಪಖಾನೆಗೆ, ಇನ್ನು ಫಾರಂ ಬೇಡ, ಮುಂದೆಲ್ಲ ಕನ್ನಡ ಅಂತ ಕಚೇರಿಯವರು ಹೇಳಿ ಕಳಿಸಿದ್ದರು. ಕರೀಮ ಸಾಬರಿಗೆ ಕನ್ನಡ ಓದಲು ಬಾರದು. "ನಿಮ್ಮ ಅಕ್ಷರ ಎಲ್ಲಾ ಮಿಠಾಯಿ ಅಂಗಡಿ, ಯಾವುದು ಜಿಲೇಬಿ ಯಾವುದು ಇಮರತಿ ಗೊತ್ತೇ ಆಗಂಗಿಲ್ಲ," ಅನ್ನುವರು. ಆದರೆ ಚಿತ್ರಕ್ಕೆ ಯಾವ ಭಾಷೆ? ಹೆದರಿಸುವ ಕಥೆಗಳ ಚಿತ್ರದ ಪುಸ್ತಕ ತೆಗೆಯೋಣ ಅಂದರು. ಕಥೆ ನನ್ನವು. ನನ್ನವು ಅಂದರೆ ನನ್ನ ಆಯಿಯವು.

ಆಯಿ, ನನ್ನ ಅವ್ವನ ಅವ್ವ, ಗಂಗುಬಾಯಿ. ಔರಾದಿನ ಈಚೆ, ಬೀದರಿನ ದಾರಿಯ ಬದಿಗೆ, ಕುರಿ ಕಾಯುವ ಹಳ್ಳಿಯಲ್ಲಿ ಅವಳ ಮಡಿಲಲ್ಲೇ ಬೆಳೆದೆ. ಸಾಲೆ ಮುಗಿದ ಮೇಲೆ ಬೀದರಿಗೆ ಧೊಂಡಿಬಾ ಮಾವನ ಮನೆಗೆ ಬಂದೆ. "ಹಾಳು ಬುರುಜಿನ ಕಥಿಗಳು" ಅಂತ ಹೆಸರಿಟ್ಟು ಮೂರು ಪುಸ್ತಕ ತಂದೆವು. ಗಂಡನ ಮನೆಯಲ್ಲಿ ನೆರಳು ಬಿಟ್ಟು ಬಂದ ಮದುಮಗಳು, ಎಷ್ಟು ಸಲ ಎಣಿಸಿದರೂ ಹಿಂಡಿನಲ್ಲಿ ಹೆಚ್ಚಾಗಿ ಬರುವ ಒಂದು ಕುರಿ, ಬೆಳ್ಳಿಯ ಹೂ ತಾನೇ ಅರಳುವ ಬಿದರಿ ಹುಕ್ಕಾ. ಮಾವ ಭಾಲ್ಕಿ ಸ್ಟೇಷನ್ನಿನಲ್ಲಿ, ಗಾಡಿಗಳಲ್ಲಿ ಮಾರಿಕೊಂಡು ಬರುತ್ತಿದ್ದ.

ನಾಲ್ಕನೆಯದಕ್ಕೆ, ಅಂದರೆ ಈಗ ಮುಖ ಎದ್ದ ಪುಸ್ತಕಕ್ಕೆ, ಬಾವಿಯ ಕಥೆ ತೆಗೆದೆ. ಕುರಿ ಮೇಯಿಸುವ ಹೆಂಗಸೊಬ್ಬಳಿಗೆ ಪಾಳು ಬಾವಿಯೊಳಗಿಂದ ಹೆಣ್ಣು ದನಿ ಕೇಳುತ್ತದೆ. ಹಗ್ಗ ಇಳಿಸುತ್ತಾಳೆ. ಹಗ್ಗಕ್ಕೆ ಭಾರ ಬೀಳುತ್ತದೆ. ಆಯಿ ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದ ಅಂದರೆ, "ಮುಂದ ಏನಿಲ್ಲ. ಏಳು, ಕುರಿಗೆ ನೀರಿಡು." ಇದನ್ನು ಮೂರು ಪುಸ್ತಕಕ್ಕೆ ಎಳೆಯಬಹುದು, ಕೊನೆಯನ್ನು ನಾನೇ ಕಟ್ಟಿಕೊಂಡರಾಯಿತು ಅಂದುಕೊಂಡಿದ್ದೆ.

ನಾಲ್ಕನೆಯದು ಮುಖದ ಸಮೇತ ಮಾರಾಟಕ್ಕೆ ಹೋಯಿತು. ಮಾವ ಖುಷಿಯಾಗಿ ಬಂದ. "ಏ ಸಖು, ಎಲ್ಲಾರೂ ಅದನ್ನೇ ಕೇಳ್ತಾರ. ಆ ಹೆಣ್ಣು ಯಾವಾಗ ಹೊರಗ ಬರ್ತದ ಅಂತ. ಒಬ್ಬಾಕಿ ಅಂತೂ ಪುಸ್ತಕ ಕೊಂಡು, ನೋಡಿ, ತಿರುಗಿ ನನ್ನ ಕೈಯಾಗೇ ಕೊಟ್ಟು ಓಡಿಹೋದ್ಲು!"

ಐದನೆಯದರಲ್ಲಿ ಮುಖ ಬಾವಿಯ ಅರ್ಧಕ್ಕೆ ಬಂದಿತ್ತು, ಅಂಗೈಯಷ್ಟಾಗಿತ್ತು. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಸಣ್ಣ ಕಲೆ. ಅದನ್ನು ನೋಡಿ ಕರೀಮ ಸಾಬರು ಮಸಿಯ ಕೈಯಲ್ಲೇ ತಮ್ಮ ಎಡ ಹುಬ್ಬನ್ನು ಮುಟ್ಟಿಕೊಂಡರು.

"ಮೂರು ವರ್ಷದಾಕಿ ಇದ್ದಾಗ ಮೆಟ್ಟಲ ಮ್ಯಾಲಿಂದ ಬಿದ್ದಿದ್ಲು. ವಹೀದಾ."

ವಹೀದಾ ಅವರ ಒಬ್ಬಳೇ ಮಗಳು, ಔರಾದಿಗೆ ಕೊಟ್ಟಿದ್ದರು. ಎಂಟು ವರ್ಷದ ಹಿಂದೆ, ನಿಜಾಮನ ಆಳ್ವಿಕೆ ಬಿದ್ದು ಊರೂರಲ್ಲಿ ಮುಸಲ್ಮಾನರನ್ನು ಹುಡುಕಿ ಕೊಲ್ಲುತ್ತಿದ್ದ ಪೊಲೀಸ್ ಆಕ್ಷನ್ನಿನ ದಿನಗಳಲ್ಲಿ, ಅಬ್ಬಾನ ಹತ್ತಿರ ಹೋಗುತ್ತೇನೆ ಅಂತ ಔರಾದು ಬಿಟ್ಟವಳು ಬೀದರಿಗೆ ಬರಲೇ ಇಲ್ಲ. ಹೆಣವೂ ಸಿಗಲಿಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ.

"ಎಂಟು ವರ್ಷ ಕಲ್ಲಿನ ಮ್ಯಾಲ ಬರದು ಬರದು ನೋಡೀನಿ. ಒಮ್ಮೆನೂ ಆಕಿ ಮಾರಿ ಕೈಗೆ ಬರಲಿಲ್ಲ. ಈಗ ತಾನೇ ಬಂದದ." ನನ್ನ ಕಡೆ ತಿರುಗಿದರು. "ಮುಂದಿನ ಪುಸ್ತಕದಾಗ ಮ್ಯಾಲ ಬರ್ತಾಳ, ಹೌದಲ್ಲ? ಕಥಿ ನಿಂದು. ಆಕಿನ್ನ ಹೊರಗ ತಗಿ ಬೇಟಿ."

ಹೊರಗೆ ತೆಗೆದರೆ ಏನಾಗುತ್ತದೆ ಅಂತ ನಾನು ಕೇಳಲಿಲ್ಲ. ಛಾಪಖಾನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ ಅಂತ ಅವರಿಗೆ ಅನ್ನಿಸಿತ್ತು. ನನಗೂ ಅನ್ನಿಸಿತ್ತು. ಆದರೆ ಇಂಥದ್ದಕ್ಕೆ ಕೊನೆಯನ್ನು ನಾನು ಕಟ್ಟಿದರೆ ನಡೆಯದು, ಆಯಿಯ ಕೊನೆಯೇ ಬೇಕು.

ಮರುದಿನ ಬೆಳಿಗ್ಗೆ ಔರಾದಿನ ಬಸ್ಸು ಹತ್ತಿದೆ.

ಆಯಿ ಅಂಗಳದ ಬಿಸಿಲಲ್ಲಿ ಉಣ್ಣೆ ನೂಲುತ್ತಿದ್ದಳು. "ಬಾ ಪಟ್ಟಣದಾಕಿ. ಮೈಸೂರಿನವರು ಬರೋದಕ್ಕಿಂತ ಮೊದಲು ಬಂದೆಲ್ಲ," ಅಂದಳು. ನಾನು ಐದನೇ ಪುಸ್ತಕ ತೆರೆದು ತೊಡೆಯ ಮೇಲಿಟ್ಟೆ. ಓದು ಬಾರದ ಆಯಿ ಚಿತ್ರದ ಮೇಲೆ ಬೆರಳಿಟ್ಟಳು.

"ಇದು ಬರದವರು ಈಕಿನ್ನ ಎಲ್ಲಿ ನೋಡಿದ್ರು?"

"ಆಕಿ ಅವರ ಮಗಳು ಆಯಿ."

ಕದಿರು ನಿಂತಿತು.

"ಕಥಿ ಮುಂದ ಏನಾಗ್ತದ, ಹೇಳು. ಕುರಿ ಕಾಯೋ ಹೆಂಗಸು ಏನ್ ಮಾಡ್ತಾಳ?"

"ಹಗ್ಗ ಬಿಡ್ತಾಳ."

ಆಯಿ ನನ್ನ ಮುಖ ನೋಡದೆ ಹೇಳಿದಳು. "ಎಳೀಲಿಕತ್ತಿದ್ದೆ. ದಿಬ್ಬದ ಮ್ಯಾಲ ಮಂದಿ ಕಂಡ್ರು, ಕೈಯಾಗ ಕೊಡಲಿ. ಬಿಟ್ಟೆ. ಬಾವ್ಯಾಗ ಯಾರಿದ್ದಾರ ಮುದುಕಿ ಅಂದ್ರು. ಸತ್ತ ಕುರಿ ಅದರಿ ಅಂದೆ. ಹೋದ್ರು."

"ಹೋದ ಮ್ಯಾಲ ತಗದೇನು?"

"ನಾಲ್ಕು ದಿನ ಆ ಕಡಿ ಹೋಗಲಿಲ್ಲ."

"ಯಾಕ? ಮಂದಿ ಹೋಗಿದ್ರಲ್ಲ? ಯಾರ ಅಂಜಿಕಿ?"

"ಆಕೀದು," ಅಂದಳು ಆಯಿ. "ಬಿಡೋ ಮುಂದ ನನ್ನ ಮಾರಿ ನೋಡಿದ್ಲಲ್ಲ. ತಿರುಗಿ ಹ್ಯಾಂಗ ಆಕಿ ಕಣ್ಣಿಗೆ ಬೀಳ್ಲಿ? ಐದನೇ ದಿನ ಹೋದೆ. ದನಿ ಇರಲಿಲ್ಲ. ಆಮ್ಯಾಲ ಹೊಲದವರು ಬಾವಿ ಮುಚ್ಚಿ ತೊಗರಿ ಹಾಕಿದ್ರು."

"ಆಕಿ ಏನಾರ ಅಂದಿದ್ಲೇನು?"

"ಹಗ್ಗ ಇಳಿಸಿದಾಗ ಅಂದ್ಲು. ಸಿಕ್ತು ಆಯಿ, ಎಳೀರಿ ಅಂದ್ಲು."

ಆಗ ನೆನಪಾಯಿತು. ಬೇರೆ ಕಥೆಗಳನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಬಾವಿಯ ಕಥೆಯನ್ನು ಆಯಿ ಶುರು ಮಾಡಿದ್ದು ನನಗೆ ಹನ್ನೊಂದು ವರ್ಷ ಇದ್ದಾಗ. ಬರೋಬ್ಬರಿ ಎಂಟು ವರ್ಷದ ಹಿಂದೆ.

ಬಸ್ಸಿನುದ್ದಕ್ಕೂ ಸುಳ್ಳನ್ನು ಹೊಂದಿಸಿದೆ. ಕುರಿಯವಳು ಎಳೆಯುತ್ತಾಳೆ, ಹೆಣ್ಣು ದಂಡೆಗೆ ಬರುತ್ತದೆ, ರೊಟ್ಟಿ ತಿಂದು ಊರ ಕಡೆ ನಡೆಯುತ್ತದೆ. ಛಾಪಖಾನೆಗೆ ಬಂದು ಹಾಗೇ ಹೇಳಿದೆ. ಕರೀಮ ಸಾಬರು ಹಳದಿ ಕಾಗದ ಎಳೆದುಕೊಂಡರು. ಅವತ್ತೇ ಆರನೆಯದರ ಏಳನೇ ಪುಟಕ್ಕೆ ಖಾಲಿ ಬಾವಿ ಬರೆದರು. ಮಾತಿನ ಜಾಗದಲ್ಲಿ ನಾನು "ಬಂದೆ ಅಪ್ಪಾ" ಅಂತ ಬರೆದೆ.

ಅಚ್ಚಿನಲ್ಲಿ ವಹೀದಾ ಬಾವಿಯ ದಂಡೆಯ ತನಕ ಬಂದಿದ್ದಳು. ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದಳು. ಹಗ್ಗವನ್ನೂ ಯಾರೂ ಬರೆದಿರಲಿಲ್ಲ. ಆದರೆ ಮಾತಿನ ಜಾಗ ಬೆಳ್ಳಗೆ ಖಾಲಿ ಇತ್ತು.

"ಏನು ಬರದಿದ್ದಿ, ಓದು." ಓದಿದೆ. "ಆಕಿ ಅಪ್ಪಾ ಅಂತಿರಲಿಲ್ಲ ಬೇಟಿ. ಅಬ್ಬಾ ಅಂತಿದ್ಲು."

ಅಬ್ಬಾ ಅಂತ ತಿದ್ದಿ ಇಳಿಸಿದೆವು. ಖಾಲಿ. ದಪ್ಪಗೆ ಬರೆದು ಇಳಿಸಿದೆವು. ಖಾಲಿ.

"ಮಸಿ ಅದೇ, ಕಾಗದ ಅದೇ. ಮಾತೇ ಆಕೀದಲ್ಲ," ಅಂದರು ಕರೀಮ ಸಾಬರು. ಕಲ್ಲು ಬಿಟ್ಟು ನನ್ನನ್ನು ನೋಡಿದರು. "ನಿನ್ನ ಆಯಿ ಏನಂದ್ಲು? ಖರೇ ಹೇಳು."

ಹೇಳಿದೆ. ದಿಬ್ಬ, ಕೊಡಲಿ, ಸತ್ತ ಕುರಿ, ನಾಲ್ಕು ದಿನ. ಮಧ್ಯದಲ್ಲಿ ನಿಲ್ಲಿಸಲು ಅವರು ಬಿಡಲಿಲ್ಲ. ಎಲ್ಲಾ ಕೇಳಿ, ಮಸಿಯ ಬಟ್ಟಲನ್ನು ನನ್ನ ಮುಂದೆ ಸರಿಸಿದರು.

"ಆಕಿ ಅಂದದ್ದು ಬರಿ."

"ಸಿಕ್ತು ಆಯಿ, ಎಳೀರಿ." ಬರೆದೆ. ಈ ಸಲ ಒಂದಕ್ಷರವೂ ಮಸುಕಾಗದೆ ಕಪ್ಪಗೆ ಅಚ್ಚಾಯಿತು. ಹಾಳೆ ಎತ್ತಿದರು. ಬಾವಿಯೊಳಗೆ ಕರೀ ಬಿಟ್ಟು ಏನೂ ಇರಲಿಲ್ಲ. ದಂಡೆಯ ಮೇಲೆ ಒಬ್ಬ ಹೆಂಗಸು ಕೈ ಬಿಚ್ಚಿ ನಿಂತು ಕೆಳಗೆ ನೋಡುತ್ತಿದ್ದಳು. ಹಣೆ, ಮೂಗು, ಸೀರೆಯ ಕಚ್ಚೆ, ಎಲ್ಲಾ ನನ್ನ ಆಯಿಯದು. ಔರಾದಿನವರು ಯಾರು ನೋಡಿದರೂ ಗುರುತು ಹಿಡಿಯುವಂತಿತ್ತು.

"ಚಾಚಾ, ಇದು..."

ಅವರು ಆಯಿಯನ್ನು ನೋಡಲೇ ಇಲ್ಲ. "ವಹೀದಾ ಎಲ್ಲಿ?" ಅಂದರು.

ಮೂಲೆಯಲ್ಲಿ ಉಳಿದಿದ್ದ ನಾಲ್ಕನೆಯ, ಐದನೆಯ ಪುಸ್ತಕಗಳನ್ನು ಎಳೆದು ಏಳನೇ ಪುಟ ತೆರೆಯತೊಡಗಿದರು. ಒಂದರ ಮೇಲೊಂದು. ಎಲ್ಲದರಲ್ಲೂ ಬಾವಿ ಬರೀ ಕರೀ. ಹುಬ್ಬೂ ಇಲ್ಲ, ಕಲೆಯೂ ಇಲ್ಲ. ಎಂಟು ವರ್ಷಕ್ಕೆ ಸಿಕ್ಕ ಮುಖ, ನಾನು ಬರೆದ ಮೂರು ಶಬ್ದಕ್ಕೆ ಹೋಗಿತ್ತು.

"ಕಲ್ಲಿನಾಗ ಕೆಳಗ ಹೋಗ್ಯಾಳ," ಅಂದರು. ಕಲ್ಲಿನ ಮೇಲೆ ಉಸುಕು ಸುರಿದರು. "ನೀರು ಹಾಕು ಬೇಟಿ. ಕೆಳಗ ಅದಾಳ."

ಆಯಿಯ ಮುಖ ಮೊದಲ ನಾಲ್ಕು ತಿಕ್ಕಿಗೇ ಅಳಿಸಿತು. ಅವರು ನಿಲ್ಲಿಸಲಿಲ್ಲ. ಸ್ವಲ್ಪ ತಿಕ್ಕುವುದು, ಬಗ್ಗಿ ನೋಡುವುದು, "ಇನ್ನೂ ಕೆಳಗ" ಅನ್ನುವುದು. ನಾಲ್ಕು ಬೆರಳಿನಷ್ಟು ದಪ್ಪದ ಕಲ್ಲು. ಅವತ್ತು ಸಂಜೆತನಕ, ಮರುದಿನ ಬೆಳಿಗ್ಗೆಯಿಂದ, ಅದರ ಮರುದಿನ. ಬಿಳೀ ರಾಡಿ ಹೊಸ್ತಿಲು ದಾಟಿ ಓಣಿಗೆ ಹರಿಯಿತು, ಆಮೇಲೆ ಅದರಲ್ಲಿ ಅವರ ಬೆರಳಿನ ರಕ್ತವೂ ಬಂತು. ಮಾವ ಬಾಗಿಲಿಗೆ ಬಂದ. "ಭಾಲ್ಕಿ ಗಾಡಿಗೆ ಹೊತ್ತಾತು, ಪುಸ್ತಕ ಎಲ್ಲಿ ಅದಾವರಿ?" ಕರೀಮ ಸಾಬರು ತಿಕ್ಕುತ್ತಲೇ ಇದ್ದರು. ಕಲ್ಲನ್ನು ನೋಡಿ, ನನ್ನನ್ನು ನೋಡಿ, "ಮನಿಗೆ ನಡಿ ಸಖು," ಅಂದ. ನಾನು ಏಳಲಿಲ್ಲ. ಹೋದ.

ಕಲ್ಲು ಎರಡು ಬೆರಳಾಯಿತು. ಒಂದು ಬೆರಳಾಯಿತು. ಮೂರನೇ ದಿನ ಮಧ್ಯಾಹ್ನ ಅದು ನಡುವಿಗೆ ಸೀಳಿತು.

ಕರೀಮ ಸಾಬರು ಎರಡು ತುಂಡಿನಲ್ಲಿ ದೊಡ್ಡದನ್ನು ಹತ್ತಿರಕ್ಕೆ ಎಳೆದುಕೊಂಡರು.

"ಉಸುಕು," ಅಂದರು.

ಕೊಟ್ಟೆ.