ಗಡ್ಡದವಳ ಮಗಳ ಮದುವೆ

ವಿಚಿತ್ರ ಮೈಯವರನ್ನು ಕಾಸಿಗೆ ತೋರಿಸುವ ಗ್ರಿಮ್‌ಶಾನ ಡೇರೆಯಲ್ಲಿ ಒಂದು ಕಟ್ಟುಪಾಡಿತ್ತು: ಪ್ರದರ್ಶನಕ್ಕೆ ಕೂರುವವರು ಯಾರೂ ಮುಖ ತೋರಿಸಿಕೊಂಡು ಬೀದಿಗೆ ಇಳಿಯುವಂತಿಲ್ಲ. ಬಿಟ್ಟಿ ಕಂಡದ್ದಕ್ಕೆ ಯಾವ ಪೆದ್ದ ಪೆನ್ನಿ ಕೊಡುತ್ತಾನೆ? ಅದಕ್ಕೇ ಡೋರ್ಕಸ್ ರೊಟ್ಟಿ ತರಲು ಹೊರಟರೂ ಕರಿ ಮುಸುಕು ಹಾಕಿಕೊಳ್ಳಬೇಕು. ಎದೆಯವರೆಗೆ ಇಳಿದ ಗಡ್ಡ ಅವಳದು. ನಿಜವೋ ಸುಳ್ಳೋ ಎಂದು ಲ್ಯಾಂಕಶೈರ್ ಸೀಮೆಯ ಅರ್ಧ ಜನ ಅದನ್ನು ಜಗ್ಗಿ ನೋಡಿದ್ದರು. ಜಗ್ಗಿದವರೆಲ್ಲ ಮರ್ಯಾದಸ್ಥರೇ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು.

ಮಗಳು ಫೀಬಿಯನ್ನು ಸಾಕಿದ್ದು ಆ ಗಡ್ಡವೇ. ಕೂಸಾಗಿದ್ದಾಗಲೇ ಅವಳನ್ನು ಬೋಲ್ಟನ್ ಊರಿನಲ್ಲಿದ್ದ ತಂಗಿಯ ಮಡಿಲಿಗೆ ಹಾಕಿ, ಡೋರ್ಕಸ್ ಡೇರೆಯ ಜೊತೆ ಊರೂರು ಅಲೆದು ದುಡ್ಡು ಕಳಿಸಿದಳು. ದೊಡ್ಡವಳಾದ ಮೇಲೆ ಮಗಳು ಒಮ್ಮೆಯೂ ಬಾ ಎಂದಿರಲಿಲ್ಲ. ಈಗ ಮದುವೆ ಗೊತ್ತಾಗಿ, ಗಾಡಿಯವನ ಹತ್ತಿರ ಹೇಳಿ ಕಳಿಸಿದ್ದಳು: ಅಮ್ಮ ಬರಲೇಬೇಕು, ಎಲ್ಲರಿಗಿಂತ ಮುಂದೆ ಕೂರಬೇಕು. ಡೋರ್ಕಸಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಬೋಳಿಸು,” ಎಂದು ಸೈಲಸನ ಮುಂದೆ ಹೋಗಿ ಕೂತಳು. ಸೈಲಸ್ ಅದೇ ಡೇರೆಯ ಎಲುಬಿನ ಹಂದರ. ಅವನ ಪಕ್ಕೆಲುಬು ಎಣಿಸಲು ಜನ ಸಾಲು ನಿಲ್ಲುತ್ತಿದ್ದರು.

“ತಲೆ ಕೆಟ್ಟಿದೆಯೇನೇ? ಗ್ರಿಮ್‌ಶಾ ಆಚೆಗೆ ದಬ್ತಾನೆ. ಮತ್ತೆ ಬೆಳೆಯೋವರೆಗೂ ಏನ್ ತಿಂತೀಯಾ?”

“ನಿನ್ನಷ್ಟೇ ತಿಂತೀನಿ.”

“ನಾನು ತಿನ್ನದೇ ಇದ್ರೆ ಸಂಬಳ ಕಣೇ. ನೀನು ತಿನ್ನದೇ ಇದ್ರೆ ಹೆಣ.”

“ಒಂದೇ ಒಂದು ದಿನ, ಸೈಲಸ್. ಎಲ್ಲರ ಹಾಗೆ ಅವಳ ತಾಯಿಯಾಗಿ ಕೂತು ಬರ್ತೀನಿ. ಬೀಗರ ಮುಂದೆ ನನ್ನ ಮಗಳ ತಲೆ ತಗ್ಗಬಾರದು.”

ಸೈಲಸ್ ಕ್ಷೌರದ ಕತ್ತಿ ಮಸೆದ. ಕೂದಲು ಮಡಿಲಿಗೆ ಬೀಳುತ್ತಿದ್ದಂತೆ ಡೋರ್ಕಸ್ ಅತ್ತಳು, ಅಳುತ್ತಲೇ ನಕ್ಕಳು. ಕೆನ್ನೆಗೆ ಗಾಳಿ ತಾಗಿ ಚಳಿಯಾಯಿತು.

ಮದುವೆ ಊಟ ಬೀಗರ ಹೆಂಡದಂಗಡಿಯಲ್ಲಿ. ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನ ಹರಸಲು ಬಂದರಲ್ಲ ಎಂದು ಹಿಗ್ಗುತ್ತ ಡೋರ್ಕಸ್ ಬರಿಮುಖದಲ್ಲೇ ಒಳಗೆ ನುಸುಳಿದಳು. ಮಗಳಿಗೆ ಗುರುತೇ ಸಿಗಲಿಲ್ಲ.

“ಫೀಬಿ, ನಾನು ಕಣೇ. ಅಮ್ಮ.”

ಅಪ್ಪಿಕೊಳ್ಳುತ್ತಾಳೆಂದು ಡೋರ್ಕಸ್ ಕೈ ಚಾಚಿದಳು. ಫೀಬಿ ಅವಳ ಗದ್ದವನ್ನೇ ದಿಟ್ಟಿಸುತ್ತಿದ್ದಳು.

“ಗಡ್ಡ ಎಲ್ಲಮ್ಮಾ?”

“ನಿನಗೋಸ್ಕರ ತೆಗೆಸಿಬಿಟ್ಟೆ.”

“ಅಯ್ಯೋ! ತೆಗಿ ಅಂತ ನಿಂಗೆ ಯಾರು ಹೇಳಿದ್ರು? ಗಡ್ಡದವಳು ಬರ್ತಾಳೆ ಅಂತ ಊರಿಗೆಲ್ಲ ಡಂಗುರ ಹೊಡೆಸಿದೀವಿ. ನಿನ್ನ ನೋಡೋಕೆ ಬಂದೋರು ಕುಡೀತಾರೆ ಅಂತ ಮಾವ ಪೀಪಾಯಿಗಟ್ಟಲೆ ಬಿಯರ್ ತರಿಸಿದಾರೆ. ಈ ಬೋಳು ಮುಖಾನ ಯಾರಿಗೆ ತೋರಿಸ್ಲಿ?”

ಡೋರ್ಕಸ್ ಆಗ ನೋಡಿದಳು. ಅವಳಿಗೆಂದು ಇಟ್ಟ ಕುರ್ಚಿ ಮೇಜಿನ ಮೇಲಿತ್ತು. ಡೇರೆಯಲ್ಲಿ ಕಟ್ಟುವಂತೆ ಸುತ್ತ ಹಗ್ಗ ಕಟ್ಟಿದ್ದರು. ಗ್ರಿಮ್‌ಶಾನಾದರೂ ಮೊದಲೇ ಹೇಳಿ ಕೂರಿಸುತ್ತಿದ್ದ.

“ಯಾರಿಗೂ ಹೇಳ್ಬೇಡ, ಹೊರಟುಬಿಡು,” ಎಂದಳು ಫೀಬಿ. “ಗಾಡಿ ತಪ್ಪಿತಂತೆ ಅಂತೀನಿ.”

ಡೋರ್ಕಸ್ ಜನರ ನಡುವೆಯೇ ಹೊರಗೆ ಬಂದಳು. ಒಬ್ಬರೂ ತಿರುಗಿ ನೋಡಲಿಲ್ಲ. ಬಾಗಿಲಾಚೆ, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಅವಳ ತೋಳು ಹಿಡಿದಳು.

“ಎಲ್ಲಿಗಮ್ಮಾ ಹೊರಟೆ? ಗಡ್ಡದವಳು ಇನ್ನೂ ಬಂದಿಲ್ಲ. ಬಾ, ಇಲ್ಲೇ ನಿಂತ್ಕೋ, ಚೆನ್ನಾಗಿ ಕಾಣುತ್ತೆ.”

“ಅವಳು ಬರಲ್ಲ,” ಎಂದಳು ಡೋರ್ಕಸ್.

“ಸುಮ್ನಿರು! ಹೆತ್ತ ಮಗಳ ಮದುವೆಗೆ ತಾಯಿ ಬರದೆ ಇರ್ತಾಳಾ?”